ಬಯಾಲಜಿಯೋ, ಸಿವಿಲ್ಲೋ?

 

ಈ ವರ್ಷ ಕನ್ನಡ ಶಾಲೆ ಮುಗಿಸುತ್ತಿರುವವರೆಲ್ಲ "ಮುಂದೆ ನಾನು ಏನು ಓದುತ್ತೇನೆ, ಯಾಕೆ" ಎಂಬ ವಿಷಯದ ಮೇಲೆ ಕನ್ನಡದಲ್ಲೇ ಮಾತಾಡಬೇಕು ಎಂದು ನಮ್ಮ ಗುರುಗಳು ಹೇಳಿದರು. ಇದು ಸುಲಭದ ವಿಷಯ ಅಲ್ಲ. ಮನೆಯಲ್ಲಿ ಆರು ತಿಂಗಳಿಂದ ಇದೇ ಪ್ರಶ್ನೆ ನಡೆಯುತ್ತಿದೆ: ಬಯಾಲಜಿಯೋ, ಸಿವಿಲ್ ಇಂಜಿನಿಯರಿಂಗೋ? ಇವತ್ತು ನನ್ನ ಉತ್ತರವನ್ನು ನಿಮ್ಮೆಲ್ಲರ ಮುಂದೆ ಹೇಳುತ್ತೇನೆ. ಆ ಉತ್ತರ ನನಗೆ ಸಿಕ್ಕಿದ್ದು ನಮ್ಮ ಸಟನ್‌ನ ಕೊಳಚೆ ನೀರಿನಲ್ಲಿ. ಊಟಕ್ಕೆ ಮುಂಚೆ ಈ ಮಾತು ಬೇಡವಾಗಿತ್ತು ಅನ್ನಿಸಿದರೆ ಕ್ಷಮಿಸಿ.

ಊರಿನವರಿಗೆ ಇಲ್ಲಿಯ ಪದ್ಧತಿಯನ್ನು ಸ್ವಲ್ಪ ಹೇಳಬೇಕು. ಇಂಗ್ಲೆಂಡಿನಲ್ಲಿ ಹದಿನಾರನೇ ವಯಸ್ಸಿಗೆ ಜಿಸಿಎಸ್‌ಇ ಪರೀಕ್ಷೆ ಮುಗಿಯುತ್ತದೆ. ಆಮೇಲೆ ಎರಡು ವರ್ಷ ಎ ಲೆವೆಲ್. ಅದರಲ್ಲಿ ಸಾಮಾನ್ಯವಾಗಿ ಮೂರೇ ಮೂರು ವಿಷಯ. ಪಿಯುಸಿಯಲ್ಲಿ ಪಿಸಿಎಂಬಿ ತೆಗೆದುಕೊಂಡು ಡಾಕ್ಟರ್, ಇಂಜಿನಿಯರ್ ಎರಡು ಬಾಗಿಲನ್ನೂ ತೆರೆದಿಟ್ಟುಕೊಳ್ಳುವ ಹಾಗೆ ಇಲ್ಲಿ ಸುಲಭವಾಗಿ ಆಗುವುದಿಲ್ಲ. ಸಿವಿಲ್ ಇಂಜಿನಿಯರಿಂಗ್‌ಗೆ ಗಣಿತ ಬೇಕೇ ಬೇಕು, ಬಹಳ ಕಡೆ ಭೌತಶಾಸ್ತ್ರವನ್ನೂ ಕೇಳುತ್ತಾರೆ. ಬಯಾಲಜಿ ಪದವಿಗೆ ಬಯಾಲಜಿ ಬೇಕು, ಜೊತೆಗೆ ಇನ್ನೊಂದು ವಿಜ್ಞಾನ ಅಥವಾ ಗಣಿತ. ವೈದ್ಯಕೀಯಕ್ಕಾದರೆ ಹೆಚ್ಚಿನ ಕಡೆ ರಸಾಯನಶಾಸ್ತ್ರ ಕಡ್ಡಾಯ. ಅಂದರೆ ಹದಿನಾರನೇ ವಯಸ್ಸಿನಲ್ಲಿ ಒಂದು ಕಾಗದದ ಮೇಲೆ ಮೂರು ಹೆಸರು ಬರೆದಾಗ ಕೆಲವು ಬಾಗಿಲುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ.

ನನ್ನ ಅಮ್ಮ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾಗಳನ್ನು ಬೆಳೆಸಿ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾರೆ. ದಾವಣಗೆರೆಯ ದೊಡ್ಡಪ್ಪ ಮೂವತ್ತು ವರ್ಷ ಊರೂರಿನ ಒಳಚರಂಡಿ ಕೆಲಸ ಮಾಡಿಸಿ ನಿವೃತ್ತರಾದ ಸಿವಿಲ್ ಇಂಜಿನಿಯರ್. ನನಗೆ ಎರಡೂ ಇಷ್ಟ. ಹಾಗಂತ ಹೇಳಿದಾಗ ದೊಡ್ಡಪ್ಪ ಫೋನಿನಲ್ಲಿ, "ನೋಡು ಪುಟ್ಟಿ, ಎರಡು ದೋಣಿ ಮೇಲೆ ಕಾಲಿಟ್ಟರೆ ಬೀಳೋದು ನೀರಿಗೇನೆ" ಅಂದರು. ಅಮ್ಮ ಅಪರೂಪಕ್ಕೆ ದೊಡ್ಡಪ್ಪನ ಮಾತಿಗೆ ತಲೆಯಾಡಿಸಿದರು.

ಆದ್ದರಿಂದ ನಾನು ವಿಶ್ವವಿದ್ಯಾಲಯಗಳಲ್ಲಿ ಈ ಎರಡು ಪದವಿಗಳಿಗೆ ನಿಜವಾಗಿ ಏನೇನು ಓದಿಸುತ್ತಾರೆ ಎಂದು ಕುಳಿತು ನೋಡಿದೆ. ಸಿವಿಲ್‌ನಲ್ಲಿ ಮೊದಲ ಎರಡು ವರ್ಷ ಗಣಿತ, ಕಟ್ಟಡಗಳು ಭಾರ ಹೊರುವ ಲೆಕ್ಕ, ಮಣ್ಣಿನ ಗುಣ, ನೀರಿನ ಹರಿವು, ಕಾಂಕ್ರೀಟ್ ಮತ್ತು ಉಕ್ಕು, ಭೂಮಾಪನ. ಇಲ್ಲಿ ಕೋರ್ಸ್‌ವರ್ಕ್ ಅಂದರೆ ವಿನ್ಯಾಸದ ಯೋಜನೆ, ನಕ್ಷೆ, ಲೆಕ್ಕ, ಗುಂಪಿನಲ್ಲಿ ಮಾಡುವ ವರದಿ. ಬಯಾಲಜಿಯಲ್ಲಿ ಜೀವಕೋಶ, ಜೀವರಸಾಯನ, ತಳಿಶಾಸ್ತ್ರ, ಸೂಕ್ಷ್ಮಜೀವಿಗಳು, ಪರಿಸರ ವಿಜ್ಞಾನ, ಸಂಖ್ಯಾಶಾಸ್ತ್ರ. ಅಲ್ಲಿ ಕೋರ್ಸ್‌ವರ್ಕ್ ಅಂದರೆ ಪ್ರಯೋಗದ ವರದಿ ಮತ್ತು ಹೊಳೆ, ಕಾಡು, ಸಮುದ್ರದ ದಂಡೆಗೆ ಹೋಗಿ ಮಾಡುವ ಕ್ಷೇತ್ರ ಅಧ್ಯಯನ. ಎರಡೂ ಬೇರೆ ಬೇರೆ ವಿಭಾಗ, ಬೇರೆ ಬೇರೆ ಕಟ್ಟಡ.

ಆದರೆ ಕರ್ನಾಟಕದಿಂದ ಬೇರೆ ಸುದ್ದಿ ಬಂತು. ದೊಡ್ಡಪ್ಪನ ಮಗಳು, ನನ್ನ ಅಕ್ಕ, ಅಲ್ಲಿ ಸಿವಿಲ್ ಓದುತ್ತಿದ್ದಾಳೆ. ಅವಳು ನಾಲ್ಕನೇ ಸೆಮಿಸ್ಟರ್‌ನಲ್ಲಿದ್ದಾಗ ಒಂದು ದಿನ, "ಪಿಯುಸಿ ಮುಗಿದ ದಿನವೇ ಬಯಾಲಜಿ ಪುಸ್ತಕ ರದ್ದಿಗೆ ಹಾಕಿದ್ದೆ ಕಣೇ, ಅದು ಇಲ್ಲಿಗೂ ಬಂತು" ಎಂದು ಗೋಳಾಡಿದಳು. ನಿಜ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು 2021ರ ಪಠ್ಯಕ್ರಮದಿಂದ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ 'ಬಯಾಲಜಿ ಫಾರ್ ಇಂಜಿನಿಯರ್ಸ್' ಎಂಬ ವಿಷಯವನ್ನು ಇಟ್ಟಿದೆ. ಅಕ್ಕನಿಗೆ ಬಂದ ಅಸೈನ್‌ಮೆಂಟ್, ತನ್ನ ಬಿರುಕನ್ನು ತಾನೇ ಮುಚ್ಚಿಕೊಳ್ಳುವ ಕಾಂಕ್ರೀಟಿನ ಬಗ್ಗೆ. ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್ ವಿಶ್ವವಿದ್ಯಾಲಯದ ಹೆಂಕ್ ಯಾಂಕರ್ಸ್ ಎಂಬ ಸೂಕ್ಷ್ಮಜೀವಿ ವಿಜ್ಞಾನಿ ಇದನ್ನು ಬೆಳೆಸಿದವರು. ಕಾಂಕ್ರೀಟ್ ಕಲಸುವಾಗಲೇ ನಿದ್ದೆಯಲ್ಲಿರುವ ಬ್ಯಾಕ್ಟೀರಿಯಾಗಳನ್ನೂ ಅವುಗಳ ಆಹಾರವನ್ನೂ ಸೇರಿಸುತ್ತಾರೆ. ಬಿರುಕು ಬಿಟ್ಟು ನೀರು ಒಳಗೆ ಹೋದಾಗ ಅವು ಎಚ್ಚರಗೊಂಡು ಸುಣ್ಣದ ಕಲ್ಲನ್ನು ಮಾಡಿ ಬಿರುಕನ್ನು ತುಂಬುತ್ತವೆ. ಅಕ್ಕ ಗೋಳಾಡುತ್ತಲೇ ಶುರು ಮಾಡಿದವಳು, ಕೊನೆಗೆ ರಾತ್ರಿ ಹನ್ನೊಂದಕ್ಕೆ ನನಗೆ ವೀಡಿಯೋ ಕಳಿಸಿ, "ಇದು ನೋಡೇ, ಮಸ್ತ್ ಇದೆ" ಅಂದಳು.

ಬ್ಯಾಕ್ಟೀರಿಯಾವನ್ನು ಕಟ್ಟಡದ ಕೆಲಸಕ್ಕೆ ಹಚ್ಚುವುದು ಹೊಸದು ಎಂದು ಅಕ್ಕನ ಪಠ್ಯ ಹೇಳುತ್ತದೆ. ಆದರೆ ನಾವು ಈಗ ಕುಳಿತಿರುವ ಊರಿನಲ್ಲಿ ಅದು 1896ರಲ್ಲೇ ನಡೆದಿತ್ತು.

ಅದಕ್ಕೂ ಹಿಂದಿನ ಕಥೆ ನಿಮಗೆ ಗೊತ್ತಿರಬಹುದು. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿ ಎಷ್ಟು ನಾರುತ್ತಿತ್ತು ಅಂದರೆ ಪಾರ್ಲಿಮೆಂಟಿನಲ್ಲಿ ಕೂರಲು ಆಗುತ್ತಿರಲಿಲ್ಲ. ಆಮೇಲೆ ಜೋಸೆಫ್ ಬಜಲ್‌ಗೆಟ್ ಎಂಬ ಇಂಜಿನಿಯರ್ ಲಂಡನ್ನಿನ ಕೆಳಗೆ ದೊಡ್ಡ ದೊಡ್ಡ ಒಳಚರಂಡಿಗಳನ್ನು ಕಟ್ಟಿಸಿದರು. ಲಂಡನ್ನಿನಲ್ಲಿ ಕಾಲರಾ ನಿಂತಿದ್ದರಲ್ಲಿ ಅವುಗಳ ಪಾಲು ದೊಡ್ಡದು. ಅವು ಇಂದಿಗೂ ಕೆಲಸ ಮಾಡುತ್ತಿವೆ. ಆದರೆ ಆ ಚರಂಡಿಗಳು ಕೊಳಚೆಯನ್ನು ಶುದ್ಧ ಮಾಡಲಿಲ್ಲ. ಊರಾಚೆ ಕೆಳಗೆ, ಬೆಕ್ಟನ್ ಮತ್ತು ಕ್ರಾಸ್‌ನೆಸ್ ಎಂಬ ಜಾಗಗಳಲ್ಲಿ ನದಿಗೆ ಬಿಟ್ಟವು ಅಷ್ಟೆ. ನಮ್ಮ ಮನೆಯ ಕಸ ಪಕ್ಕದ ಮನೆಯ ಮುಂದೆ ಹಾಕಿದ ಹಾಗೆ.

ವಿಲಿಯಂ ಡಿಬ್ಡಿನ್ ಎಂಬುವರು ಆಗ ಲಂಡನ್ನಿನ ಮುಖ್ಯ ರಸಾಯನಶಾಸ್ತ್ರಜ್ಞ. ಆ ಕಾಲದಲ್ಲಿ ಕೊಳಚೆಗೆ ಸುಣ್ಣ ಮುಂತಾದ ರಾಸಾಯನಿಕಗಳನ್ನು ಸುರಿದು ಕೆಸರನ್ನು ತಳಕ್ಕೆ ಇಳಿಸುವುದು ರೂಢಿ. ಸೂಕ್ಷ್ಮಜೀವಿಗಳೆಂದರೆ ರೋಗ, ಅವು ಸಾಯಬೇಕು ಎಂಬುದು ಜನರ ಭಾವನೆ. 1887ರಲ್ಲಿ ಡಿಬ್ಡಿನ್ ಸಿವಿಲ್ ಇಂಜಿನಿಯರುಗಳ ಸಂಸ್ಥೆಯಲ್ಲೇ ನಿಂತು ಇದಕ್ಕೆ ಉಲ್ಟಾ ಮಾತಾಡಿದರು. ಸೂಕ್ಷ್ಮಜೀವಿಗಳನ್ನು ಕೊಲ್ಲಬೇಡಿ, ಸಾಕಿ. ಅವುಗಳಿಗೆ ಸಮಯ ಕೊಡಿ, ಗಾಳಿ ಕೊಡಿ, ಕೊಳಚೆಯನ್ನು ಅವೇ ತಿಂದು ನೀರನ್ನು ಶುದ್ಧ ಮಾಡುತ್ತವೆ ಎಂಬುದು ಅವರ ವಾದದ ಸಾರ. ಮೊದಲು ಬಾರ್ಕಿಂಗ್‌ನಲ್ಲಿ ಪ್ರಯೋಗ ಮಾಡಿದರು. ಆಮೇಲೆ 1896ರಲ್ಲಿ ಸಟನ್‌ಗೆ ಬಂದರು. ಆಗ ಸಟನ್ ಲಂಡನ್ ಆಗಿರಲಿಲ್ಲ, ಸರ್ರೆಗೆ ಸೇರಿತ್ತು. ಇಲ್ಲಿಯ ಕೊಳಚೆ ಘಟಕದ ಒಂದು ತೊಟ್ಟಿಗೆ ಸುಟ್ಟ ಮಣ್ಣಿನ ಗಟ್ಟಿಗಳನ್ನು ತುಂಬಿಸಿದರು. ಅದಕ್ಕೆ ಕೊಳಚೆ ನೀರನ್ನು ತುಂಬಿ, ಸುಮಾರು ಎರಡು ಗಂಟೆ ನಿಲ್ಲಿಸಿ, ಪೂರ್ತಿ ಖಾಲಿ ಮಾಡಿ, ತೊಟ್ಟಿಗೆ ವಿಶ್ರಾಂತಿ ಕೊಟ್ಟು, ಮತ್ತೆ ತುಂಬುವುದು. ಇಷ್ಟೇ. ನೋಡಿದರೆ ಕಲ್ಲು ತುಂಬಿದ ತೊಟ್ಟಿ. ಒಳಗೆ ಮಾತ್ರ ಪ್ರತಿ ಗಟ್ಟಿಯ ಮೈಮೇಲೂ ಬ್ಯಾಕ್ಟೀರಿಯಾಗಳ ಒಂದು ಲೋಳೆಪದರ. ತುಂಬಿದಾಗ ಅವುಗಳಿಗೆ ಊಟ, ಖಾಲಿ ಮಾಡಿದಾಗ ಉಸಿರು.

ಇದರಲ್ಲಿ ಯಾವುದು ಬಯಾಲಜಿ, ಯಾವುದು ಸಿವಿಲ್? ನಾನು ಒಂದು ಸಣ್ಣ ಲೆಕ್ಕ ಮಾಡಿದೆ. ಒಂದು ಮೀಟರ್ ಉದ್ದ, ಅಗಲ, ಎತ್ತರದ ಒಂದು ಕಲ್ಲಿನ ಘನ ಇದೆ ಅಂದುಕೊಳ್ಳಿ. ಅದರ ಆರು ಮುಖಗಳ ಒಟ್ಟು ವಿಸ್ತೀರ್ಣ 6 ಚದರ ಮೀಟರ್. ಅದನ್ನೇ 10 ಸೆಂಟಿಮೀಟರಿನ ಸಣ್ಣ ಘನಗಳಾಗಿ ಕತ್ತರಿಸಿದರೆ 1000 ಘನ, ಒಟ್ಟು ವಿಸ್ತೀರ್ಣ 60 ಚದರ ಮೀಟರ್. ಕಲ್ಲು ಅಷ್ಟೇ, ಬ್ಯಾಕ್ಟೀರಿಯಾ ಕೂರುವ ಜಾಗ ಹತ್ತರಷ್ಟು. ನಮ್ಮ ಕರುಳಿನ ಒಳಗೆ ಸಣ್ಣ ಸಣ್ಣ ಬೆರಳುಗಳಂಥ ಮಡಿಕೆಗಳು ಇರುವುದೂ ಇದೇ ಕಾರಣಕ್ಕೆ ಎಂದು ಜಿಸಿಎಸ್‌ಇ ಬಯಾಲಜಿಯಲ್ಲಿ ಓದಿದ್ದೇವೆ. ಹಾಗಾದರೆ ಕಲ್ಲನ್ನು ಪುಡಿ ಮಾಡಿಬಿಡೋಣವೇ? ಆಗ ಸಂದು ಕಟ್ಟಿಕೊಂಡು ನೀರೂ ಹರಿಯುವುದಿಲ್ಲ, ಗಾಳಿಯೂ ಹೋಗುವುದಿಲ್ಲ, ಬ್ಯಾಕ್ಟೀರಿಯಾ ಉಸಿರುಗಟ್ಟಿ ಸಾಯುತ್ತದೆ. ಕಲ್ಲು ಎಷ್ಟು ದಪ್ಪ ಇರಬೇಕು ಎಂಬ ಒಂದು ಪ್ರಶ್ನೆಗೆ ಉತ್ತರ ಬೇಕಾದರೆ ನೀರು ಹರಿಯುವುದು ಹೇಗೆ ಎಂದೂ ಗೊತ್ತಿರಬೇಕು, ಜೀವಿ ಬದುಕುವುದು ಹೇಗೆ ಎಂದೂ ಗೊತ್ತಿರಬೇಕು. ಸಟನ್‌ನ ತೊಟ್ಟಿಯಲ್ಲಿ ಈ ಎರಡು ವಿಭಾಗಗಳ ನಡುವೆ ಗೋಡೆ ಇರಲಿಲ್ಲ.

ಸಟನ್‌ನ ಪದ್ಧತಿಗೂ ತೊಂದರೆಗಳಿದ್ದವು. ಆ ತೊಟ್ಟಿಗಳು ನಿಧಾನವಾಗಿ ಕಟ್ಟಿಕೊಳ್ಳುತ್ತಿದ್ದವು, ಜಾಗವೂ ಬಹಳ ಬೇಕಿತ್ತು. ಮುಂದಿನ ಹೆಜ್ಜೆ ಮ್ಯಾಂಚೆಸ್ಟರ್‌ನಲ್ಲಿ. ಅಲ್ಲಿ ಗಿಲ್ಬರ್ಟ್ ಫೌಲರ್ ಅವರ ಸಲಹೆಯಂತೆ ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರು ಕೊಳಚೆ ನೀರನ್ನು ಬಾಟಲಿಯಲ್ಲಿ ಹಾಕಿ ಗಾಳಿ ಊದಿದರು. ಮೊದಲ ಸಲ ನೀರು ಪೂರ್ತಿ ಶುದ್ಧವಾಗಲು ಸುಮಾರು ಐದು ವಾರ ಹಿಡಿಯಿತು. ಅವರು ಮಾಡಿದ ಜಾಣತನ ಏನೆಂದರೆ, ತಿಳಿ ನೀರನ್ನು ಮಾತ್ರ ತೆಗೆದು ತಳದ ಕೆಸರನ್ನು ಚೆಲ್ಲದೆ ಉಳಿಸಿ, ಅದರ ಮೇಲೆ ಹೊಸ ಕೊಳಚೆ ಹಾಕಿದ್ದು. ಹೀಗೆ ಮಾಡುತ್ತಾ ಹೋದಂತೆ ಐದು ವಾರದ ಕೆಲಸ ಒಂದು ದಿನದೊಳಗೆ ಮುಗಿಯತೊಡಗಿತು. 1914ರಲ್ಲಿ ಅದನ್ನು ಪ್ರಕಟಿಸಿದರು. ಇಂದು ಜಗತ್ತಿನ ಬಹಳಷ್ಟು ನಗರಗಳ ಕೊಳಚೆ ಶುದ್ಧವಾಗುವುದು ಈ ವಿಧಾನದಲ್ಲೇ.

ಇದನ್ನು ನಾನು ಅಜ್ಜಿಗೆ ಹೇಳಿದಾಗ ಅವರು ಒಂದೇ ಮಾತಿನಲ್ಲಿ, "ಓ, ಹೆಪ್ಪು ಹಾಕೋದು" ಅಂದರು! ಹೌದಲ್ಲ! ನಿನ್ನೆಯ ಮೊಸರನ್ನು ಒಂದು ಚಮಚ ಉಳಿಸಿದರೆ ಇವತ್ತಿನ ಹಾಲು ಬೇಗ ಹೆಪ್ಪುಗಟ್ಟುತ್ತದೆ. ಚಳಿಗಾಲದಲ್ಲಿ ಇಲ್ಲಿ ಮೊಸರು ಸರಿಯಾಗಿ ಆಗುವುದಿಲ್ಲ ಎಂದು ನಮ್ಮ ಅಮ್ಮಂದಿರೆಲ್ಲ ಪಾತ್ರೆಯನ್ನು ಓವನ್ ಒಳಗೋ ಬಾಯ್ಲರ್ ಪಕ್ಕವೋ ಇಡುತ್ತಾರಲ್ಲ, ಕೊಳಚೆ ಘಟಕಕ್ಕೂ ಅದೇ ಕಷ್ಟ. ಅಮೋನಿಯಾವನ್ನು ತಿನ್ನುವ ಬ್ಯಾಕ್ಟೀರಿಯಾಗಳು ಚಳಿಯಲ್ಲಿ ನಿಧಾನವಾಗುತ್ತವೆ. ಅಷ್ಟು ದೊಡ್ಡ ತೊಟ್ಟಿಯನ್ನು ಬಾಯ್ಲರ್ ಪಕ್ಕ ಇಡಲು ಆಗುವುದಿಲ್ಲವಲ್ಲ, ಅದಕ್ಕೆ ಇಂಜಿನಿಯರ್ ಮೊದಲೇ ಲೆಕ್ಕ ಹಾಕಿ ತೊಟ್ಟಿಯನ್ನು ದೊಡ್ಡದಾಗಿ ಕಟ್ಟಬೇಕು.

ಈಗ ನಮ್ಮವರೆಲ್ಲ ಕಿವಿಗೊಟ್ಟು ಕೇಳಬೇಕಾದ ಭಾಗ. ಮ್ಯಾಂಚೆಸ್ಟರ್‌ನ ಆ ಗಿಲ್ಬರ್ಟ್ ಫೌಲರ್ ಆಮೇಲೆ ಎಲ್ಲಿಗೆ ಹೋದರು ಗೊತ್ತೇ? ನಮ್ಮ ಬೆಂಗಳೂರಿಗೆ. 1916ರಲ್ಲಿ ಅವರು ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. 1921ರಲ್ಲಿ ಅಲ್ಲಿ ಜೀವರಸಾಯನ ವಿಭಾಗ ಶುರುವಾದಾಗ ಅದರ ಮೊದಲ ಮುಖ್ಯಸ್ಥರೂ ಅವರೇ. ಫೌಲರ್ ಬೆಂಗಳೂರಿಗೆ ಬಂದಾಗ ಮೈಸೂರಿನ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯ. 1916ರಲ್ಲೇ ಮೈಸೂರು ವಿಶ್ವವಿದ್ಯಾಲಯ ಆರಂಭವಾಯಿತು, 1917ರಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಬಂತು. ಅದಕ್ಕೆ ಇಂದು ವಿಶ್ವೇಶ್ವರಯ್ಯನವರದೇ ಹೆಸರು. ಕೊಳಚೆಯ ಬ್ಯಾಕ್ಟೀರಿಯಾ ಬಲ್ಲವರು ಮತ್ತು ಇಂಜಿನಿಯರಿಂಗ್ ಕಾಲೇಜು, ಎರಡೂ ಒಂದೇ ಊರಿನಲ್ಲಿ, ನೂರು ವರ್ಷಕ್ಕೂ ಹಿಂದೆ.

ಅದೇ ಬೆಂಗಳೂರಿನ ಬೆಳ್ಳಂದೂರು ಕೆರೆ 2015ರಲ್ಲಿ ನೊರೆ ಉಕ್ಕಿಸಿ ರಸ್ತೆಗೆ ಚೆಲ್ಲಿತು, 2017ರಲ್ಲಿ ಅಲ್ಲಿ ಬೆಂಕಿ ಹೊತ್ತಿಕೊಂಡಿತು. ಕೆರೆಗೆ ಬೆಂಕಿ ಬಿದ್ದ ಸುದ್ದಿ ನಮ್ಮ ಇಂಗ್ಲಿಷ್ ಗೆಳೆಯರೂ ಟಿವಿಯಲ್ಲಿ ನೋಡಿದರು. ನಮ್ಮ ಹಿರಿಯರು ಕೆರೆ ಕಟ್ಟಿದಾಗ ಏರಿ, ತೂಬು, ಕೋಡಿ ಎಲ್ಲವನ್ನೂ ಸರಿಯಾಗಿ ಕಟ್ಟಿದ್ದರು. ಅದು ಅಪ್ಪಟ ಸಿವಿಲ್ ಇಂಜಿನಿಯರಿಂಗ್. ಆದರೆ ಕೆರೆಯೊಳಗಿನ ಜೀವಿಗಳು ತಿಂದು ಜೀರ್ಣಿಸಿಕೊಳ್ಳುವುದಕ್ಕಿಂತ ಹೆಚ್ಚು ಕೊಳಚೆ ಬಂದರೆ ಏರಿ ಎಷ್ಟು ಗಟ್ಟಿಯಾಗಿದ್ದರೇನು? ನೀರಿನಲ್ಲಿ ಆಮ್ಲಜನಕ ಮುಗಿಯುತ್ತದೆ, ಮೀನು ಸಾಯುತ್ತದೆ. ಸೋಪಿನ ನೀರು ಕೋಡಿಯಲ್ಲಿ ಬೀಳುವಾಗ ಬೆಟ್ಟದಷ್ಟು ನೊರೆಯಾಗುತ್ತದೆ. 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ನೀರನ್ನು ಕೋಲಾರದ ಒಣಗಿದ ಕೆರೆಗಳಿಗೆ ಪಂಪ್ ಮಾಡುತ್ತಿದ್ದಾರೆ. ಒಣಗಿದ್ದ ಕೆರೆಗಳು ತುಂಬಿದ್ದು ರೈತರಿಗೆ ದೊಡ್ಡ ಸಂತೋಷ. ಇನ್ನೊಂದು ಹಂತದ ಶುದ್ಧೀಕರಣ ಬೇಕಿತ್ತು ಎಂದು ಕೇಳಿದವರು ಕೋರ್ಟಿನವರೆಗೂ ಹೋದರು. ಪೈಪು, ಪಂಪಿನ ಲೆಕ್ಕ ಒಂದು. ಆ ನೀರಿನಲ್ಲಿ ಏನೇನು ಉಳಿದಿದೆ, ಅದು ಬಾವಿಗೆ ಇಳಿದರೆ ಏನಾಗುತ್ತದೆ ಎಂಬುದು ಇನ್ನೊಂದು. ಎರಡೂ ಒಟ್ಟಿಗೆ ಗೊತ್ತಿರುವವರು ಅಲ್ಲಿ ಬೇಕು.

ಇಲ್ಲೂ ಹಾಗೆಯೇ. ನಮ್ಮ ವಾಂಡಲ್ ನದಿ ಸುಣ್ಣಕಲ್ಲಿನ ಬುಗ್ಗೆಗಳಿಂದ ಹುಟ್ಟುವ ತಿಳಿನೀರಿನ ಹೊಳೆ. 1960ರ ದಶಕದಲ್ಲಿ ಅದನ್ನು ಚರಂಡಿ ಎಂದೇ ಘೋಷಿಸಿದ್ದರು. ಆಮೇಲೆ ನಿಧಾನವಾಗಿ ಸುಧಾರಿಸಿ ಟ್ರೌಟ್ ಮೀನುಗಳು ಮರಳಿ ಬಂದವು. 2007ರಲ್ಲಿ ಬೆಡ್ಡಿಂಗ್ಟನ್‌ನ ಘಟಕದಿಂದ ಬ್ಲೀಚ್ ನದಿಗೆ ಸೇರಿ ಸಾವಿರಾರು ಮೀನು ಸತ್ತವು. ಅದಾದ ಮೇಲೂ ನದಿಯನ್ನು ಮತ್ತೆ ಎಬ್ಬಿಸಿದ್ದಾರೆ. ಸ್ವಯಂಸೇವಕರು ಗಂಬೂಟು ಹಾಕಿ ಹೊಳೆಗೆ ಇಳಿದು, ತಳದ ಕಲ್ಲನ್ನು ಕಾಲಿನಿಂದ ಕದಡಿ, ಬಲೆಗೆ ಬಂದ ಹುಳುಗಳನ್ನು ಎಣಿಸುತ್ತಾರೆ. ನಾನೂ ಎರಡು ಸಲ ಹೋಗಿದ್ದೆ. ಬಿಳಿ ತಟ್ಟೆಯಲ್ಲಿ ಸಿಹಿನೀರಿನ ಸೀಗಡಿಗಳು ಬಳುಕುತ್ತಿದ್ದರೆ ನೀರು ಚೆನ್ನಾಗಿದೆ ಎಂದು ಅರ್ಥ. ಒಮ್ಮೆಲೆ ಅವು ಕಡಿಮೆಯಾದರೆ ಮೇಲ್ಗಡೆ ಏನೋ ಆಗಿದೆ ಎಂದು ಅರ್ಥ. ಕಾಂಕ್ರೀಟಿನ ಕಟ್ಟಡ ಸರಿಯಾಗಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ಹೇಳುವುದು ಒಂದು ಬೆರಳುಗುರಿನಷ್ಟು ಪ್ರಾಣಿ.

ಈ ಎಲ್ಲ ಕಥೆಯನ್ನು ಒಂದು ಭಾನುವಾರ ದೊಡ್ಡಪ್ಪನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾವು ತೊಟ್ಟಿ ಅಳತೆ ತೆಗೆಯೋದು ಬಿಒಡಿ ನೋಡಿ. ಬಿ ಅಂದರೆ ಬಯಾಲಜಿಕಲ್. ಮೂವತ್ತು ವರ್ಷ ಬರೆದೆ ಅದನ್ನ" ಎಂದರು. ಬಿಒಡಿ ಅಂದರೆ ನೀರಿನಲ್ಲಿರುವ ಕೊಳೆಯನ್ನು ತಿನ್ನಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕು ಎಂಬ ಅಂಕಿ. ಶುದ್ಧೀಕರಿಸಿ ಬಿಡುವ ಒಂದು ಲೀಟರ್ ನೀರಿನಲ್ಲಿ ಅದು 20 ಮಿಲಿಗ್ರಾಂ ಮೀರಬಾರದು ಎಂದು ಇಲ್ಲಿಯ ರಾಯಲ್ ಕಮಿಷನ್ 1912ರಲ್ಲಿ ಹೇಳಿತ್ತು. ದೊಡ್ಡಪ್ಪನ ನಕ್ಷೆಗಳಲ್ಲಿ ಬಯಾಲಜಿ ಮೊದಲಿನಿಂದಲೂ ಇತ್ತು. ನಾನು ಅಂದೆ: "ದೊಡ್ಡಪ್ಪ, ಎರಡು ದೋಣಿ ಮೇಲೆ ಕಾಲಿಟ್ಟರೆ ನೀರಿಗೆ ಬೀಳ್ತೀನಿ ಅಂದ್ರಲ್ಲ, ನನಗೆ ಓದಬೇಕಾಗಿರೋದು ಆ ನೀರಿನ ಬಗ್ಗೇನೇ." ದೊಡ್ಡಪ್ಪ ಜೋರಾಗಿ ನಕ್ಕರು.

ಅಮ್ಮ ಅಷ್ಟು ಸುಲಭವಾಗಿ ನಗಲಿಲ್ಲ. ನಾನು ಆರಿಸಿರುವುದು ಗಣಿತ, ಭೌತಶಾಸ್ತ್ರ, ಬಯಾಲಜಿ. ರಸಾಯನಶಾಸ್ತ್ರ ಬಿಡುತ್ತಿದ್ದೇನೆ. ಅಂದರೆ ಡಾಕ್ಟರ್ ಆಗುವ ದಾರಿ ಬಹುತೇಕ ಮುಚ್ಚಿದ ಹಾಗೆ. ಈ ಊರಿಗೆ ಬಂದ ಹೊಸದರಲ್ಲಿ ಅಮ್ಮ ರಾತ್ರಿ ಪಾಳಿ ಮಾಡಿ, ಬೆಳಿಗ್ಗೆ ನನ್ನನ್ನು ಶಾಲೆಗೆ ಬಿಟ್ಟು ಆಮೇಲೆ ಮಲಗುತ್ತಿದ್ದರು. ಮಗಳು ಡಾಕ್ಟರ್ ಆಗಲಿ ಎಂಬ ಆಸೆ ಅವರು ಬಾಯಿಬಿಟ್ಟು ಹೇಳದಿದ್ದರೂ ಮನೆಯ ಗೋಡೆಗಳಿಗೂ ಗೊತ್ತಿತ್ತು. ನಾನು ಅಮ್ಮನಿಗೆ ಹೇಳಿದ್ದು ಇಷ್ಟು: ನೀವು ಪ್ರಯೋಗಾಲಯದಲ್ಲಿ ಕಾಯಿಲೆ ತರುವ ಬ್ಯಾಕ್ಟೀರಿಯಾ ಹುಡುಕುತ್ತೀರಿ, ಶುದ್ಧ ನೀರು ಇದ್ದರೆ ಎಷ್ಟೋ ಜನ ಆಸ್ಪತ್ರೆಗೆ ಬರುವುದೇ ಇಲ್ಲ. ಅಮ್ಮ ಎರಡು ದಿನ ಯೋಚಿಸಿದರು. ಮೂರನೇ ದಿನ ಅರ್ಜಿಗೆ ಸಹಿ ಹಾಕಿ, "ಲ್ಯಾಬ್ ವರದಿ ಬರೆಯೋದು ನನ್ನ ಹತ್ತಿರ ಕಲಿ, ಇಂಜಿನಿಯರುಗಳಿಗೆ ಬರೋದಿಲ್ಲ" ಅಂದರು. ದೊಡ್ಡಪ್ಪ ಇದನ್ನು ಒಪ್ಪಿಲ್ಲ.

ಆಗಸ್ಟ್‌ನಲ್ಲಿ ಫಲಿತಾಂಶ ಬರುತ್ತದೆ. ಆಮೇಲೆ ಎರಡು ವರ್ಷ. ಆಮೇಲೆ ಸಿವಿಲ್ ಪದವಿಗೆ ಅರ್ಜಿ ಹಾಕುತ್ತೇನೆ. ಮೂರನೇ ನಾಲ್ಕನೇ ವರ್ಷದಲ್ಲಿ ನೀರು ಮತ್ತು ಪರಿಸರದ ವಿಷಯಗಳನ್ನು ಆರಿಸಿಕೊಳ್ಳಲು ಬಿಡುವ ಕಡೆಗೇ ಹಾಕುತ್ತೇನೆ. ಅಂಕ ಸಾಕಾಗುತ್ತದೆಯೋ ಇಲ್ಲವೋ ನೋಡೋಣ. ಯಾವ ಪ್ರಶ್ನೆಯ ಹಿಂದೆ ಹೋಗುತ್ತಿದ್ದೇನೆ ಎಂಬುದು ಮಾತ್ರ ಈಗ ಸ್ಪಷ್ಟ.

ನನ್ನ ತಮ್ಮ ತಂಗಿಯರೇ, ನಿಮಗೂ ಈ ದಿನ ಬರುತ್ತದೆ. ಆಗ ವಿಷಯದ ಹೆಸರನ್ನು ಮಾತ್ರ ನೋಡಬೇಡಿ. ನಿಮಗೆ ಯಾವ ಪ್ರಶ್ನೆ ಬಿಡದೆ ಕಾಡುತ್ತದೆ ಎಂದು ನೋಡಿ, ಅದಕ್ಕೆ ಯಾವ ಯಾವ ವಿಷಯ ಬೇಕೋ ಅದನ್ನು ಕೇಳಿ ತಿಳಿದುಕೊಳ್ಳಿ. ಊರಿಗೆ ಫೋನ್ ಮಾಡಿ ಕನ್ನಡದಲ್ಲಿ ಕೇಳಿ. ದೊಡ್ಡಪ್ಪನ ಒಳಚರಂಡಿ, ಅಜ್ಜಿಯ ಹೆಪ್ಪು, ಅಕ್ಕನ ಅಸೈನ್‌ಮೆಂಟ್, ಇವೆಲ್ಲ ನನಗೆ ಸಿಕ್ಕಿದ್ದು ಈ ಭಾಷೆ ಬರುತ್ತಿದ್ದರಿಂದ. ಏರಿ, ತೂಬು, ಕೋಡಿ ಎಂಬ ಮಾತುಗಳನ್ನು ನಾನು ಕಲಿತಿದ್ದು ಇದೇ ಶಾಲೆಯ ಮೂರನೇ ತರಗತಿಯಲ್ಲಿ, ಕೆರೆಯ ಪಾಠದಲ್ಲಿ. ಅವು ಮುಂದೆ ಇಷ್ಟು ಉಪಯೋಗಕ್ಕೆ ಬರುತ್ತವೆ ಎಂದು ಆವತ್ತು ನಮ್ಮ ಗುರುಗಳಿಗೂ ಗೊತ್ತಿರಲಿಕ್ಕಿಲ್ಲ.

 ಊಟಕ್ಕೆ ಮೊಸರನ್ನವೂ ಇದೆಯಂತೆ. ತಿನ್ನುವಾಗ ಆ ಬ್ಯಾಕ್ಟೀರಿಯಾಗಳಿಗೂ ಒಂದು ಧನ್ಯವಾದ ಹೇಳಿ.